ಟ್ರೇಲರಿನ ಮೇಲೆ ವಾಲಿವಧೆ

ಪಾಪಿನಾಯಕನಹಳ್ಳಿಯನ್ನು ಸುತ್ತಲಿನವರು ಪಿ.ಕೆ. ಹಳ್ಳಿ ಅಂತಲೇ ಕರೆಯುವುದು. ಹೊಸಪೇಟೆಯಿಂದ ಬಳ್ಳಾರಿ ಕಡೆ ಹೊರಟವರಿಗೆ ಈ ಊರು ನೆನಪಾಗುವುದು ಅದಿರಿನ ಲಾರಿಗಳಿಂದ, ಕೆಂಧೂಳಿನಿಂದ. ಇದು ಬಯಲಾಟದ ಸೀಮೆಯೂ ಹೌದು. ಇಂಥ ಊರಿನ ಆಟದ ತಂಡವೊಂದು ಮೆರವಣಿಗೆಗೆ ಸ್ತಬ್ಧಚಿತ್ರ ಕಟ್ಟಬೇಕು ಎಂದಿಟ್ಟುಕೊಳ್ಳಿ. ದೂರ ಹೋಗಬೇಕಿಲ್ಲ, ಹಂಪಿ ಉತ್ಸವದ ಮೆರವಣಿಗೆ ಜಾನಪದ ವಾಹಿನಿ ಇದೆ. ಆ ಉತ್ಸವಕ್ಕೆ ರೂಪ ಕೊಟ್ಟ ಎಂ.ಪಿ. ಪ್ರಕಾಶ್ ಕೂಡ ನಾಟಕದವರೇ, ಹೂವಿನಹಡಗಲಿಯಲ್ಲಿ ರಂಗಭಾರತಿ ಕಟ್ಟಿದವರು.

ಬಯಲಾಟ ಬೆಳಗಿನ ತನಕ ನಡೆಯುತ್ತದೆ. ಸ್ತಬ್ಧಚಿತ್ರಕ್ಕೆ ಸಿಗುವುದು ಒಬ್ಬೊಬ್ಬ ನೋಡುಗನ ಅರ್ಧ ನಿಮಿಷ. ಮಾತಿಲ್ಲ, ಭಾಗವತರ ಪದವಿಲ್ಲ, ಮುಂದೇನಾಗುತ್ತದೆ ಎಂದು ತೋರಿಸುವ ಅವಕಾಶವೂ ಇಲ್ಲ. ಹಾಗಾಗಿ ಕೆಲಸ ಶುರುವಾಗುವುದು ಬಿದಿರು, ಬಣ್ಣಗಳಿಂದಲ್ಲ. ಇಡೀ ಕಥೆಯಲ್ಲಿ ಯಾವ ಗಳಿಗೆಯನ್ನು ಹಿಡಿದು ನಿಲ್ಲಿಸಬೇಕು ಎಂಬ ತೀರ್ಮಾನದಿಂದ. ಈ ಭಾಗದವರಿಗೆ ಕಿಷ್ಕಿಂಧೆ ಮನೆಯಂಗಳದ ಕಥೆ. ಆನೆಗೊಂದಿಯ ಚಿಂತಾಮಣಿಯಲ್ಲಿ ನಿಂತೇ ರಾಮ ವಾಲಿಗೆ ಬಾಣ ಬಿಟ್ಟನೆಂದು ನಂಬಿಕೆ. ವಾಲಿ ಸತ್ತು ಬಿದ್ದಿರುವುದನ್ನು ತೋರಿಸಿದರೆ ಕಥೆ ಮುಗಿದೇ ಹೋಯಿತು. ಬಾಣ ಇನ್ನೂ ಬಿಲ್ಲಿನಲ್ಲಿರಬೇಕು, ವಾಲಿ ಸುಗ್ರೀವರೆಂಬ ಅಣ್ಣತಮ್ಮಂದಿರು ಕೈಕೈ ಮಿಲಾಯಿಸಿರಬೇಕು. ಆಗ ನೋಡುವವನು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತಾನೆ.

ಇನ್ನೊಂದು ಚೆಂದ ಇದೆ. ನಾಟಕದ ವೇದಿಕೆಗೆ ಮುಂಭಾಗ ಒಂದೇ. ಟ್ರೇಲರನ್ನು ಜನ ಎಡದಿಂದ, ಬಲದಿಂದ, ಹೋದ ಮೇಲೆ ಹಿಂದಿನಿಂದಲೂ ನೋಡುತ್ತಾರೆ. ಮಧ್ಯಕ್ಕೆ ಮರ ನಿಲ್ಲಿಸಿದರೆ ರಸ್ತೆಯ ಒಂದು ಬದಿಯವರಿಗೆ ಮರೆಯಲ್ಲಿರುವ ರಾಮ ಕಾಣುತ್ತಾನೆ. ಇನ್ನೊಂದು ಬದಿಯವರಿಗೆ ವಾಲಿಗೆ ಕಾಣುವಷ್ಟೇ ಕಾಣುತ್ತದೆ, ಬರೀ ಮರ. ರಾಮಾಯಣದಲ್ಲಿ ಅಣ್ಣತಮ್ಮ ಇಬ್ಬರೂ ಒಂದೇ ಥರ ಇದ್ದುದರಿಂದ ಮೊದಲ ಸಲ ರಾಮನಿಗೇ ಗುರುತು ಸಿಗಲಿಲ್ಲ; ಎರಡನೇ ಕಾಳಗಕ್ಕೆ ಲಕ್ಷ್ಮಣ ಸುಗ್ರೀವನ ಕೊರಳಿಗೆ ಗಜಪುಷ್ಪಿ ಬಳ್ಳಿ ಹಾಕಿದ. ಆ ಬಳ್ಳಿ ಸ್ತಬ್ಧಚಿತ್ರಕ್ಕೂ ಬೇಕೇ ಬೇಕು. ಇಪ್ಪತ್ತು ಅಡಿ ದೂರ ನಿಂತವನಿಗೂ ಕಾಣುವಷ್ಟು ದಪ್ಪಗಿರಲಿ.

ಇನ್ನು ಕಟ್ಟುವುದು. ಕಬ್ಬು ಸಾಗಿಸುವ ಟ್ರ್ಯಾಕ್ಟರಿಗೆ ಇಲ್ಲಿ ಬರವಿಲ್ಲ. ಟ್ರೇಲರಿನ ಪಕ್ಕದ ಹಲಗೆ ಬಿಚ್ಚಿ, ಮೇಲೆ ಹಲಗೆಯ ನೆಲ ಹಾಸಿ, ಚೌಕ ಪೈಪು ವೆಲ್ಡ್ ಮಾಡಿ ಎಲುಬುಗೂಡು ಎಬ್ಬಿಸುತ್ತಾರೆ. ಭಾರ ಆದಷ್ಟೂ ಕೆಳಗಿರಬೇಕು, ಬೇಕಾದರೆ ಮರಳಿನ ಚೀಲ ಇಡಬೇಕು. ಚಕ್ರ ಮುಚ್ಚುವ ಬಟ್ಟೆ ಟೈರಿಗೆ ತಾಗಕೂಡದು. ಚಾಲಕನ ಕಣ್ಣಿಗೆ ಒಂದು ಮಾವಿನ ತೋರಣವೂ ಅಡ್ಡ ಬರಬಾರದು. ದೆಹಲಿಯ ಗಣರಾಜ್ಯೋತ್ಸವದಲ್ಲಿ ಸ್ತಬ್ಧಚಿತ್ರ 45 ಅಡಿ ಉದ್ದ, 14 ಅಡಿ ಅಗಲ, ನೆಲದಿಂದ 16 ಅಡಿ ಎತ್ತರ ಮೀರುವಂತಿಲ್ಲ. ನಮ್ಮ ಓಣಿಗಳಲ್ಲಿ ಲೆಕ್ಕ ಹಾಕುವುದು ಕರೆಂಟಿನ ತಂತಿ. ಹಿಂದಿನ ದಿನವೇ ಅಳತೆಯ ಒಣ ಬಿದಿರು ಹಿಡಿದು ದಾರಿಯುದ್ದಕ್ಕೂ ನಡೆದು, ತಂತಿಗೆ ತಾಗಿಸದೆ ಕಣ್ಣಳತೆಯಲ್ಲಿ ನೋಡಿಕೊಂಡು ಬರುವ ತಂಡವೇ ಬುದ್ಧಿವಂತ ತಂಡ.

ಕಿಷ್ಕಿಂಧೆಗೆ ಬೇಕಾದ ಹಂಪಿಯ ಬಂಡೆ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಬಿದಿರಿನ ದಬ್ಬೆ ಬಗ್ಗಿಸಿ ಸುತಳಿಯಿಂದ ಬಿಗಿದು ದೊಡ್ಡ ಬುಟ್ಟಿಯಂಥ ಆಕಾರ ತರುತ್ತಾರೆ. ಅದರ ಮೇಲೆ ಪ್ಲಾಸ್ಟರ್ ನೀರಲ್ಲಿ ಅದ್ದಿದ ಗೋಣಿತಟ್ಟು ಹೊದಿಸುತ್ತಾರೆ. ತಟ್ಟು ಗಟ್ಟಿಯಾಗುವ ಮೊದಲೇ ಅಂಗೈಯಿಂದ ಒತ್ತಿ ಬಿರುಕು, ಮಡಿಕೆ ಮೂಡಿಸಬೇಕು, ಸಿಗುವ ಸಮಯ ಕೆಲವೇ ನಿಮಿಷ. ಹೊಸಬರು ಬಂಡೆಗೆ ಬೂದಿ ಬಣ್ಣ ಬಳಿದು ಕೆಡಿಸುತ್ತಾರೆ. ಇಲ್ಲಿನ ಬಂಡೆಯಲ್ಲಿ ಕಂದು, ಕಿತ್ತಳೆ, ಮಳೆನೀರು ಇಳಿದ ಕಪ್ಪು ಗೆರೆ ಎಲ್ಲ ಇವೆ. ಊರನ್ನೆಲ್ಲ ಕೆಂಪಾಗಿಸುವ ಅದಿರಿನ ಧೂಳನ್ನೇ ಅಂಟಿನ ನೀರಲ್ಲಿ ಕಲಸಿ ಬಳಿದರೆ ಅಂಗಡಿಯ ಡಬ್ಬಿಗಿಂತ ಸೊಗಸಾದ ಬಣ್ಣ. ಕೆಮ್ಮಣ್ಣಿನ ಕೆಂಪಿಗೆ ಕಾರಣವೂ ಅದೇ ಕಬ್ಬಿಣ ತಾನೆ!

ಥರ್ಮೊಕೋಲ್ ಸುಲಭ ನಿಜ, ಬಿಸಿ ತಂತಿಯಿಂದ ಬೆಣ್ಣೆಯಂತೆ ಕುಯ್ಯಬಹುದು. ಆದರೆ ನೇರವಾಗಿ ಎನಾಮೆಲ್ ಬಳಿದರೆ ಅದರೊಳಗಿನ ದ್ರಾವಕ ಅದನ್ನು ತಿಂದು ಗುಳಿ ಮಾಡುತ್ತದೆ. ಮೊದಲು ನೀರಿನ ಬಣ್ಣದ ಲೇಪ ಬೇಕು. ಬೆಂಕಿಯ ಭಯ ಬೇರೆ. ಮೆರವಣಿಗೆ ಮುಗಿದ ಮೇಲೆ ಅದನ್ನು ಕಾಲುವೆ ದಂಡೆಗೆ ಎಸೆಯುವುದನ್ನಂತೂ ಕ್ಷಮಿಸಲಾಗದು. ಇನ್ನು ಫ್ಲೆಕ್ಸ್ ಹಚ್ಚಿದ ಗಾಡಿಯನ್ನು ನಾನು ಸ್ತಬ್ಧಚಿತ್ರ ಎನ್ನುವುದೇ ಇಲ್ಲ, ಅದು ಚಲಿಸುವ ಜಾಹೀರಾತು.

ಪಾತ್ರಧಾರಿಗಳ ಕಷ್ಟ ಬೇರೆಯೇ. ಕುಣಿದು ನೆಲ ಅದುರಿಸುವವರಿಗೆ ಅಲುಗಾಡಬೇಡಿ ಎನ್ನುವುದು ಶಿಕ್ಷೆ. ಚಾಲಕ ಕ್ಲಚ್ ಬಿಟ್ಟಾಗಲೆಲ್ಲ ಗಾಡಿ ಜಗ್ಗುತ್ತದೆ. ಅದಕ್ಕೇ ಪ್ರತಿಯೊಬ್ಬನ ಬೆನ್ನ ಹಿಂದೆ ಕಾಣದಂತೆ ಒಂದು ಕಬ್ಬಿಣದ ಹಿಡಿಕೆ, ಕಾಲು ಹಿಂದೆಮುಂದೆ ಊರಿದ ನಿಲುವು. ಅರದಾಳ, ಇಂಗಳೀಕದ ಮುಖವರ್ಣಿಕೆ ರಾತ್ರಿಯ ಬೆಳಕಿಗಾಗಿ ಹುಟ್ಟಿದ್ದು. ಹಗಲಿಗೆ ಅದನ್ನು ತುಸು ತಗ್ಗಿಸಬೇಕು. ಕಿರೀಟ, ಭುಜಕೀರ್ತಿಗಳ ಕನ್ನಡಿ ಚೂರುಗಳಿಗೆ ಮಾತ್ರ ಬಿಸಿಲೇ ಹಬ್ಬ.

ನಾಟಕದವರ ಕೈಗೆ ಈ ವಿದ್ಯೆ ಒಲಿಯುತ್ತದೆ ಎನ್ನುವುದಕ್ಕೆ ದೊಡ್ಡ ಸಾಕ್ಷಿ ರಂಗಸಜ್ಜಿಕೆಯಲ್ಲಿ ಪಳಗಿದ ಶಶಿಧರ ಅಡಪ. ದೆಹಲಿಗೆ ಹೋದ ಕರ್ನಾಟಕದ ಹಲವು ಸ್ತಬ್ಧಚಿತ್ರಗಳು ಅವರ ಕಲ್ಪನೆ. 2021ರಲ್ಲಿ ರಾಜ್ಯದ ವಿಷಯ ವಿಜಯನಗರವೇ ಆಗಿತ್ತು, ಉಗ್ರನರಸಿಂಹ ರಾಜಪಥದಲ್ಲಿ ಸಾಗಿದ. 2022ರಲ್ಲಿ ಕರಕುಶಲ ಕಲೆಗಳ ಸ್ತಬ್ಧಚಿತ್ರಕ್ಕೆ ಎರಡನೇ ಸ್ಥಾನ ಬಂತು.

ಆ ಕರಕುಶಲಗಳಲ್ಲಿ ಒಂದಾದ ಕಿನ್ನಾಳ ಕಲೆ ನಮ್ಮ ಪಕ್ಕದಲ್ಲೇ ಇದೆ. ಹಗುರ ಮರ, ಮರದ ಹೊಟ್ಟು, ಹುಣಸೆಬೀಜದ ಅಂಟು ಇಂಥವುಗಳಲ್ಲೇ ಅಲ್ಲಿನ ಚಿತ್ರಗಾರರು ದೇವರನ್ನು ಮೂಡಿಸುತ್ತಾರೆ. ಹಗುರ, ಗಟ್ಟಿ, ಸ್ತಬ್ಧಚಿತ್ರಕ್ಕೆ ಬೇಕಾದ ಗುಣ ಇವೇ. ಥರ್ಮೊಕೋಲ್ ಹಾಳೆ ಕೊಳ್ಳುವ ಮುನ್ನ ತಂಡದವರು ಒಂದು ದಿನ ಬಿಡುವು ಮಾಡಿಕೊಳ್ಳಲಿ. ಹೊಸಪೇಟೆಯಲ್ಲಿ ರೈಲು ಹತ್ತಿ ಕೊಪ್ಪಳದಲ್ಲಿ ಇಳಿದರೆ ಕಿನ್ನಾಳಕ್ಕೆ ಹೆಚ್ಚು ದೂರವಿಲ್ಲ.