ಹೀಟ್ ಪಂಪು ಚಾಲೂ ಮಾಡುವ ಮುನ್ನ

ಬಿಸಿನೀರಿನ ಹೀಟ್ ಪಂಪು ಸುತ್ತಲಿನ ಗಾಳಿಯ ಶಾಖವನ್ನೇ ಸೆಳೆದು ನೀರಿಗೆ ಕೊಡುತ್ತದೆ. ಆದುದರಿಂದ 1 ಯೂನಿಟ್ ವಿದ್ಯುತ್ತಿಗೆ ಸುಮಾರು 3 ಯೂನಿಟ್ ಶಾಖ ದೊರೆಯುತ್ತದೆ. ಆದರೆ ಜೋಡಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ನಾವು ತಿಳಿಯಬಾರದು.

ಮೊದಲು ಬಿಸಿನೀರಿನ ನಲ್ಲಿ ತೆರೆದಿಟ್ಟು ಟ್ಯಾಂಕು ತುಂಬಿಸೋಣ. ನೀರು ಗುಳುಗುಟ್ಟದೆ ಒಂದೇ ಧಾರೆಯಾಗಿ ಬಂದರೆ ಗಾಳಿ ಹೊರಟಿತೆಂದು ಅರ್ಥ. ಬೆಸುಗೆಗಳು ಸೋರುತ್ತಿಲ್ಲವೆ, ಅರ್ಥಿಂಗ್ ಸರಿಯಿದೆಯೆ ನೋಡಿದ ಮೇಲೆಯೇ ಸ್ವಿಚ್ಚು ಹಾಕಬೇಕು. ಬರಿದಾದ ಟ್ಯಾಂಕಿನಲ್ಲಿ ಹಾಕಿದರೆ ಒಳಗಿನ ಸಹಾಯಕ ಹೀಟರು ಸುಟ್ಟೀತು.

ಫ್ಯಾನಿನಿಂದ ತಣ್ಣನೆಯ ಗಾಳಿ ಬಂದರೆ ಗಾಬರಿ ಬೇಡ. ಶಾಖ ನೀರಿಗೆ ಸೇರುತ್ತಿರುವುದಕ್ಕೆ ಅದೇ ಗುರುತು. ನೀರು ಗೀಸರಿನಷ್ಟು ಬೇಗ ಕಾಯದು, ಕೆಲವು ತಾಸು ಹಿಡಿಯುತ್ತದೆ. ಅವಸರಕ್ಕೆಂದು ಸಹಾಯಕ ಹೀಟರನ್ನೇ ಸದಾ ಓಡಿಸಿದರೆ ಉಳಿತಾಯವೆಲ್ಲ ಬಿಲ್ಲಿಗೇ ಹೋಯಿತು. ಮೊದಲ ದಿನವೇ ಮೀಟರಿನ ಅಂಕಿ ಬರೆದಿಡೋಣ. ಮನೆಯವರ ಹಣವೂ ಜೋಡಿಸಿದವನ ಹೆಸರೂ ಅದರಿಂದ ಉಳಿಯುತ್ತವೆ.