ಇಂಗ್ಲಿಷಿಗೂ ಸಂಧಿಯುಂಟು

ಗಜೇಂದ್ರಗಡದಿಂದ ರೋಣಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು ಸುತ್ತಲಿನ ಮಾತಿಗೆ ಸ್ವಲ್ಪ ಕಿವಿಗೊಡಿರಿ. “ಏನ್ ಮಾಡಾಕತ್ತೀರಿ?” ಎಂದು ಒಬ್ಬರು ಇನ್ನೊಬ್ಬರನ್ನು ವಿಚಾರಿಸುತ್ತಾರೆ. “ಏನು ಮಾಡಲಿಕ್ಕೆ ಹತ್ತಿದ್ದೀರಿ” ಎಂಬಷ್ಟು ಉದ್ದದ ವಾಕ್ಯ ಬಾಯಲ್ಲಿ ಕರಗಿ ಇಷ್ಟೇ ಉಳಿದಿದೆ. ಬಿಟ್ಟುಹೋದ ಅಕ್ಷರಗಳಿಗಾಗಿ ಅಲ್ಲಿ ಯಾರೂ ತಡಕಾಡುವುದಿಲ್ಲ. ಮೈಸೂರು ಕಡೆಯ ಹೊಸಬನಿದ್ದರೆ ಅವನೊಬ್ಬನೇ ಕಣ್ಣರಳಿಸಿಯಾನು.

ಇದೇ ಸೀಮೆಯ ಹುಡುಗ, ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಪಡೆದವನು, ಉದ್ಯೋಗಕ್ಕಾಗಿ ದೂರವಾಣಿಯಲ್ಲಿ ಸಂದರ್ಶನ ಕೊಡುವಾಗ ಆ ಹೊಸಬನ ಪಾಡೇ ಅವನದಾಗುತ್ತದೆ. ಪ್ರಶ್ನೆಯನ್ನು ಬರೆದುಕೊಟ್ಟರೆ ಕ್ಷಣದಲ್ಲಿ ಉತ್ತರಿಸಬಲ್ಲ; ಕಿವಿಗೆ ಬಿದ್ದಾಗ ಅದು ಒಂದೇ ಉಸಿರಿನ ಗದ್ದಲ. ಎರಡು ಸಲ “ಪಾರ್ಡನ್” ಎಂದವನು ಮೂರನೆಯ ಸಲ ಕೇಳಲು ನಾಚಿ, ತೋಚಿದ್ದನ್ನು ಹೇಳಿಬಿಡುತ್ತಾನೆ. ಕೆಲಸ ಕೈತಪ್ಪುತ್ತದೆ. “ಹುಡುಗನಿಗೆ ಇಂಗ್ಲಿಷೇ ಬರೂದಿಲ್ಲ” ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಇದು ಅನ್ಯಾಯದ ಮಾತು. ಅವನು ಕಲಿಯದೆ ಉಳಿದದ್ದು ಇಂಗ್ಲಿಷಿನ ಸಂಧಿಯನ್ನು.

ಸಂಧಿಯೆಂದರೆ ನಮ್ಮವರಿಗೆ ಹೊಸದೇನಲ್ಲ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಮೊದಲ ಪ್ರಕರಣವೇ ಅದರದು. ಊರು, ಅಲ್ಲಿ ಸೇರಿ ‘ಊರಲ್ಲಿ’ ಆಗುವುದು ಲೋಪ. ಗುರು, ಅನ್ನು ಸೇರಿ ‘ಗುರುವನ್ನು’ ಆಗುವುದು ಆಗಮ. ಮಳೆ, ಕಾಲ ಸೇರಿ ‘ಮಳೆಗಾಲ’ ಆಗುವುದು ಆದೇಶ. ನರಗುಂದದ ಶಾಲೆಯ ಯಾವ ಮಗುವಾದರೂ ಇದನ್ನು ಒಪ್ಪಿಸೀತು. ಈಗ ಇಂಗ್ಲಿಷಿಗೆ ಬನ್ನಿ. ‘ನೆಕ್ಸ್ಟ್ ಡೇ’ ಎಂಬುದು ಆಡುಮಾತಿನಲ್ಲಿ ಟಕಾರ ಕಳೆದುಕೊಂಡು ‘ನೆಕ್ಸ್‌ಡೇ’ ಆಗುತ್ತದೆ. ‘ಗೋ ಆನ್’ ಎಂಬುದರ ನಡುವೆ ವಕಾರ ನುಸುಳಿ ‘ಗೋವಾನ್’ ಎಂದು ಕೇಳಿಸುತ್ತದೆ. ‘ಟೆನ್ ಬಾಯ್ಸ್’ ಎನ್ನುವಾಗ ನಕಾರದ ಜಾಗದಲ್ಲಿ ಮಕಾರ ಬಂದು ಕೂರುತ್ತದೆ. ಲೋಪ, ಆಗಮ, ಆದೇಶ, ಮೂರೂ ಇವೆ! ‘ಬಸ್ಸು’, ‘ಬುಕ್ಕು’ ಎಂದು ಕೊನೆಗೆ ಉಕಾರ ಸೇರಿಸುವ ನಮ್ಮ ಅಭ್ಯಾಸವನ್ನು ಕೆಲವರು ಹಳಿಯುತ್ತಾರೆ. ಹಳಿಯಬೇಕಾಗಿಲ್ಲ. ‘ಟೇಕು, ಇಟ್’ ಎನ್ನುವ ಮಗುವಿಗೆ “ಲೋಪಸಂಧಿ ಮಾಡು” ಎಂದರೆ ‘ಟೇಕಿಟ್’ ತಾನಾಗಿಯೇ ಬಂದೀತು.

ತೊಡಕಿರುವುದು ಬೇರೆ ಕಡೆ. ಕನ್ನಡದಲ್ಲಿ ಸಂಧಿಯಾದದ್ದನ್ನು ಹಾಗೆಯೇ ಬರೆಯುತ್ತೇವೆ. ಇಂಗ್ಲಿಷಿನ ಸಂಧಿ ಬರವಣಿಗೆಯಲ್ಲಿ ಬಹುಮಟ್ಟಿಗೆ ಅಡಗಿಯೇ ಇರುತ್ತದೆ. ಪುಸ್ತಕದಿಂದಲೇ ಕಲಿತವನ ಕಿವಿಗೆ ಅದು ಗೊತ್ತಾಗುವ ಬಗೆ ಹೇಗೆ? ಇನ್ನೊಂದು, ಮಾತಿನ ಭಾರ. ನಾವು ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಸಮನಾದ ಒತ್ತು ಕೊಡುತ್ತೇವೆ. ಇಂಗ್ಲಿಷರು ಕೆಲವನ್ನು ಎತ್ತಿ ಹಿಡಿದು ಉಳಿದವನ್ನು ನುಂಗುತ್ತಾರೆ. ‘ಐ ಕ್ಯಾನ್ ಗೋ’ ಎಂಬಲ್ಲಿ ನಡುವಿನ ಪದ ಬರಿಯ ‘ಕ್‌ನ್’ ಆಗಿಬಿಡುತ್ತದೆ. ನಮ್ಮ ಹುಡುಗ ಅದನ್ನೇ ಒತ್ತಿ, ಸ್ಪಷ್ಟವಾಗಿ ‘ಕ್ಯಾನ್’ ಎಂದರೆ, ಅಮೆರಿಕದವರ ಕಿವಿಗೆ ಕೆಲವೊಮ್ಮೆ ‘ಹೋಗಲಾರೆ’ ಎಂದೇ ಕೇಳಿಸುವುದುಂಟು. ಸ್ಪಷ್ಟತೆಯೇ ಮುಳುವಾಗುವ ವಿನೋದ!

ಇದನ್ನು ನಮ್ಮ ದೇಶದಲ್ಲಿ ಯಾರೂ ಗಮನಿಸಲಿಲ್ಲವೆಂದಲ್ಲ. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ 1958ರಲ್ಲಿ ಆರಂಭವಾಯಿತು. ಸವಣೂರಿನಲ್ಲಿ ಹುಟ್ಟಿದ ನಮ್ಮ ವಿ. ಕೃ. ಗೋಕಾಕರು ಕೆಲವು ವರ್ಷ ಅದರ ನಿರ್ದೇಶಕರಾಗಿದ್ದರು. ಆ ಸಂಸ್ಥೆಯ ಆರ್. ಕೆ. ಬನ್ಸಲ್ ಅವರು 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತೀಯರ ಇಂಗ್ಲಿಷ್ ಅನ್ಯರಿಗೆ ಅರ್ಥವಾಗದಿರಲು ಒತ್ತು ತಪ್ಪುವುದು ಮುಖ್ಯ ಕಾರಣಗಳಲ್ಲೊಂದೆಂದು ತೋರಿಸಿಕೊಟ್ಟರು. ದಕ್ಷಿಣದ ರಾಜ್ಯಗಳ ಶಿಕ್ಷಕರ ತರಬೇತಿಗೆಂದು ಬೆಂಗಳೂರಿನಲ್ಲಿ 1963ರಲ್ಲಿಯೇ ಒಂದು ಪ್ರಾದೇಶಿಕ ಸಂಸ್ಥೆ ಹುಟ್ಟಿತ್ತು. ಆದರೆ ಊರೂರಿನ ತರಗತಿಯಲ್ಲಿ ಪರೀಕ್ಷೆಯದೇ ದರ್ಬಾರು. ಪರೀಕ್ಷೆ ಬಹುಪಾಲು ಲೇಖನಿಯದು.

ನಮ್ಮ ಮಕ್ಕಳು ಲಂಡನ್ನಿನವರಂತೆ ಮಾತಾಡಬೇಕೆಂಬ ಹಂಬಲ ನನಗಿಲ್ಲ, ಅದು ನಾಟಕವಾದೀತು. ಮೊದಲು ಕಿವಿ ಪಳಗಲಿ. ಮಾಸ್ತರರು ಉಕ್ತಲೇಖನವನ್ನು ಪದಪದವಾಗಿ ಕೊಡುವುದನ್ನು ವಾರಕ್ಕೊಮ್ಮೆಯಾದರೂ ಬಿಟ್ಟು, ಒಂದು ಚಿಕ್ಕ ವಾಕ್ಯವನ್ನು ಸಹಜ ವೇಗದಲ್ಲಿ ಹೇಳಿ, “ಎಷ್ಟು ಪದ ಕೇಳಿಸಿತು?” ಎಂದಷ್ಟೇ ವಿಚಾರಿಸಲಿ. ಆಮೇಲೆ ಅದನ್ನು ಹಲಗೆಯ ಮೇಲೆ ಬರೆದು, ಎಲ್ಲಿ ಏನು ಲೋಪವಾಯಿತೆಂದು ಮಕ್ಕಳಿಂದಲೇ ಗುರುತಿಸಿಸಲಿ. ಒತ್ತು ಬಿದ್ದ ಕಡೆ ಚಪ್ಪಾಳೆ. ಮನೆಯಲ್ಲಿ ಆಕಾಶವಾಣಿಯ ಇಂಗ್ಲಿಷ್ ವಾರ್ತೆಯ ಅರ್ಧ ನಿಮಿಷವೂ ಇದಕ್ಕೆ ಸಾಕು.

ಮೊದಲ ದಿನದ ಪಾಠಕ್ಕೆ ಇಂಗ್ಲಿಷೇ ಬೇಡ. ಹಲಗೆಯ ಮೇಲೆ ‘ಮಾಡಾಕತ್ತೀರಿ’ ಎಂದು ಬರೆದು, ಬಿಡಿಸಿರೆಂದು ಹೇಳಿ ನೋಡಿ.