ಭಾರದ ಬಂಡಿಗೆ ಯಾವ ಟ್ರೇಲರ್?

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯೊಡನೆ ಮನೆಗೆ ಬಂದ. ಭೌತಶಾಸ್ತ್ರದ ಲೆಕ್ಕವೆಂದರೆ ಹಿಂದಿನ ಬೆಂಚಿನಲ್ಲಿ ತಲೆ ಮರೆಸಿಕೊಳ್ಳುತ್ತಿದ್ದ ಹುಡುಗ. ಹತ್ತು ವರ್ಷ ಬೇರೆಯವರ ಲಾರಿ ಓಡಿಸಿದ್ದಾನೆ. ಈಗ ಸ್ವಂತಕ್ಕೊಂದು ಟ್ರೇಲರ್ ಕೊಂಡು ಭಾರದ ಯಂತ್ರಗಳನ್ನು ಸಾಗಿಸುವ ಆಸೆ. ಬ್ಯಾಂಕಿನ ಸಾಲಕ್ಕೆ ಎರಡು ಎಕರೆ ತೋಟ ಅಡವಿಡಬೇಕು.

"ಮೇಷ್ಟ್ರೇ, ತಗೊಳ್ಳೋದಾದ್ರೆ ಎಲ್ಲಕ್ಕಿಂತ ದೊಡ್ಡದನ್ನೇ ತಗೋ ಅಂತೀನಿ. ಇವನು ಕೇಳಲ್ಲ. ನೀವೇ ಬುದ್ಧಿ ಹೇಳಿ" ಎಂದರು ತಂದೆ. ಲಾರಿಯ ವ್ಯಾಪಾರ ನನಗೇನು ಗೊತ್ತು? ಆದರೆ ಮಾತು ಮುಂದುವರಿದಂತೆ ಇದು ಹೈಸ್ಕೂಲಿನ ವಿಜ್ಞಾನವೇ ಎಂದು ತಿಳಿಯಿತು.

ಹುಡುಗನ ಮುಂದಿದ್ದ ಆಯ್ಕೆಗಳು ನಾಲ್ಕು. ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದ ಸಪಾಟು ಹಾಸಿನ ಫ್ಲಾಟ್ ಬೆಡ್. ಅದಕ್ಕಿಂತ ತಗ್ಗಾದ ಸೆಮಿ ಲೋ ಬೆಡ್. ಇನ್ನೂ ತಗ್ಗಿ, ಒಂದು ಮೀಟರಿಗೂ ಕೆಳಗೆ ಹಾಸು ಇರುವ ಲೋ ಬೆಡ್. ಕೊನೆಯದು, ಒಂದೊಂದು ಸಾಲಿಗೆ ಎಂಟು ಚಕ್ರಗಳಿದ್ದು, ಎಲ್ಲ ಸಾಲುಗಳೂ ತಿರುಗಬಲ್ಲ ಹೈಡ್ರಾಲಿಕ್ ಟ್ರೇಲರ್. ದೈತ್ಯ ಟ್ರಾನ್ಸ್‌ಫಾರ್ಮರ್‌ಗಳು ಆಮೆಯ ನಡಿಗೆಯಲ್ಲಿ ಸಾಗುವುದನ್ನು ನೀವು ಕಂಡಿದ್ದರೆ, ಅವನ್ನು ಹೊತ್ತದ್ದು ಇದೇ. ತಂದೆಯ ಕಣ್ಣು ಇದರ ಮೇಲೆ.

"ನೀನು ಹೆಚ್ಚಾಗಿ ಸಾಗಿಸೋದು ಏನಪ್ಪಾ?" ಎಂದೆ. "ಹಿಟಾಚಿ, ಸಾರ್. ಇಪ್ಪತ್ತು ಟನ್ನಿಂದು." ಉತ್ತರದ ಅರ್ಧ ಅಲ್ಲೇ ಇತ್ತು. ಇಂಥ ಯಂತ್ರ ತೋಳು ಮಡಚಿ ನಿಂತಾಗ ಸುಮಾರು 3 ಮೀಟರ್ ಎತ್ತರ. ಫ್ಲಾಟ್ ಬೆಡ್ ಮೇಲೆ ಏರಿದರೆ ನಾಲ್ಕೂವರೆ ಮೀಟರ್; ಲೋ ಬೆಡ್ ಮೇಲೆ ನಾಲ್ಕರ ಒಳಗೆ. ಹಳ್ಳಿಯ ರಸ್ತೆಯ ವಿದ್ಯುತ್ ತಂತಿ, ರೈಲ್ವೆ ಕೆಳಸೇತುವೆಗಳ ಕೆಳಗೆ ಆ ಅರ್ಧ ಮೀಟರಿಗೆ ಪ್ರಾಣದ ಬೆಲೆ.

ಇನ್ನು ಗುರುತ್ವ ಕೇಂದ್ರ. ಯಂತ್ರದ ಗುರುತ್ವ ಕೇಂದ್ರ ಹಾಸಿನಿಂದ ಒಂದು ಮೀಟರ್ ಮೇಲಿದೆ, ಚಕ್ರಗಳ ನಡುವಿನ ಅಗಲದ ಅರ್ಧವೂ ಒಂದು ಮೀಟರ್ ಎಂದುಕೊಳ್ಳೋಣ. ಶಿರಾಡಿಯಂಥ ಘಾಟಿಯಲ್ಲಿ 30 ಮೀಟರ್ ತ್ರಿಜ್ಯದ ತಿರುವು ಬಂತು. ಯಂತ್ರದ ಭಾರವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಫ್ಲಾಟ್ ಬೆಡ್ ಗಂಟೆಗೆ 39 ಕಿ.ಮೀ. ವೇಗಕ್ಕೇ ಮಗುಚುವ ಅಂಚಿಗೆ ಬರುತ್ತದೆ. ಸೆಮಿ ಲೋ ಬೆಡ್‌ಗೆ 42, ಲೋ ಬೆಡ್‌ಗೆ 45. ಇದು ಕಾಗದದ ಲೆಕ್ಕ. ಸ್ಪ್ರಿಂಗು, ಟೈರುಗಳು ಒಂದು ಕಡೆಗೆ ವಾಲುವುದರಿಂದ ನಿಜವಾದ ಮಿತಿ ಇನ್ನೂ ಕಡಿಮೆ.

"ಹಾಗಾದ್ರೆ ಲೋ ಬೆಡ್ಡೇ ಸರಿ" ಎಂದರು ತಂದೆ. ಹುಡುಗ ತಲೆಯಾಡಿಸಿದ. ಉದ್ದನೆಯ ಬಂಡಿಯ ಹೊಟ್ಟೆ ನೆಲಕ್ಕೆ ಹತ್ತಿರವಾದಷ್ಟೂ ಉಬ್ಬುಗಳಲ್ಲಿ ತಾಗುತ್ತದೆ. ರೈಲ್ವೆ ಗೇಟಿನ ದಿಬ್ಬದ ಮೇಲೆ ಹೊಟ್ಟೆ ಕಚ್ಚಿ ನಿಂತ ಟ್ರೇಲರನ್ನು ಅವನು ಕಣ್ಣಾರೆ ಕಂಡಿದ್ದ. ರೈಲು ಬರುವ ಹೊತ್ತಾಗಿರಲಿಲ್ಲ ಎಂಬುದೇ ಪುಣ್ಯ.

ಮುಂದಿನದು ಅಚ್ಚಿನ ಭಾರ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಿತಿಗಳನ್ನು ಏರಿಸಿತು. ನಾಲ್ಕು ಚಕ್ರದ ಒಂಟಿ ಅಚ್ಚಿಗೆ 11.5 ಟನ್, ಒತ್ತಾಗಿರುವ ಮೂರು ಅಚ್ಚುಗಳಿಗೆ 27 ಟನ್. ಮೂರು ಅಚ್ಚಿಗೆ ಮೂವತ್ತನಾಲ್ಕೂವರೆ ಏಕಿಲ್ಲ? ಅವು ಹತ್ತಿರ ಹತ್ತಿರ ಇರುವುದರಿಂದ ರಸ್ತೆಯ, ಸೇತುವೆಯ ಒಂದೇ ಭಾಗವನ್ನು ಒಟ್ಟಾಗಿ ಒತ್ತುತ್ತವೆ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆ ಕಲಿಸಿದ ಪಾಠವೆಂದರೆ, ರಸ್ತೆಗಾಗುವ ಹಾನಿ ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ. ಹತ್ತು ಟನ್ನಿನ ಜಾಗದಲ್ಲಿ ಹನ್ನೆರಡು ಹೇರಿದರೆ ಹಾನಿ ಎರಡರಷ್ಟು! 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯಲ್ಲಿ ಅತಿಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಅಗಲದ ಮಿತಿ 2.6 ಮೀಟರ್. ಆದರೆ ಈ ಹಿಟಾಚಿಯೇ ಸುಮಾರು 2.8 ಮೀಟರ್ ಅಗಲ. ಆದ್ದರಿಂದ ಅನುಮತಿ ಪಡೆಯದೆ ಹೊರಡುವಂತಿಲ್ಲ.

ಕೊನೆಗೆ ಉಳಿದದ್ದು ಮನೆಯ ಲೆಕ್ಕ. ಮಂಗಳೂರಿಗೆ ಯಂತ್ರ ಇಳಿಸಿ ಬಂಡಿ ಖಾಲಿ ವಾಪಸಾದರೆ ಡೀಸೆಲ್ ಯಾರದು? ಲೋ ಬೆಡ್ಡಿನ ತಗ್ಗು ಹಾಸಿಗೆ ಎಲ್ಲ ಸರಕೂ ಒಗ್ಗುವುದಿಲ್ಲ. ಸೆಮಿ ಲೋ ಬೆಡ್ಡಾದರೆ ಕಬ್ಬಿಣವನ್ನೋ ಕಲ್ಲಿನ ದಿಮ್ಮಿಯನ್ನೋ ಹೇರಿಕೊಂಡು ಬರಬಹುದು. ಹೈಡ್ರಾಲಿಕ್ ಟ್ರೇಲರಿಗೆ ಬೇಕಾದ ಕೆಲಸ ಬರುವುದು ಅಪರೂಪ. ಕಂತು ಮಾತ್ರ ತಿಂಗಳು ತಪ್ಪುವುದಿಲ್ಲ. ದೊಡ್ಡ ಕಂಪನಿಗೆ ಕಾಯುವ ಶಕ್ತಿಯಿದೆ, ಎರಡು ಎಕರೆ ತೋಟಕ್ಕಿಲ್ಲ.

ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಧ್ಯದ್ದೇ ಆಗ್ಲಿ ಬಿಡಿ" ಎಂದರು. ಹುಡುಗ ಮೊದಲೇ ಅದನ್ನೇ ಆರಿಸಿಕೊಂಡಿದ್ದನಂತೆ! ಅವನಿಗೆ ಬೇಕಿದ್ದುದು ಅಪ್ಪನಿಗೆ ಅರ್ಥವಾಗುವಂತೆ ಕಾರಣ ಹೇಳುವವರು. ನಾನು ಸೇರಿಸಿದ್ದು ಒಂದೇ ಮಾತು: ಆರು ತಿಂಗಳ ಕಂತಿನ ಹಣ ಕೈಯಲ್ಲಿಟ್ಟುಕೊಂಡು ಸಾಲಕ್ಕೆ ಸಹಿ ಹಾಕು.

ಹೊರಡುವಾಗ ಲೆಕ್ಕ ಬರೆದಿದ್ದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. "ಪರೀಕ್ಷೆಗೆ ಬರುತ್ತಾ ಸಾರ್?" ಎಂದು ಕೇಳುವ ಮಕ್ಕಳಿಗೆ ಇನ್ನು ಮುಂದೆ ನಾನು ಆ ಹಾಳೆಯ ಕಥೆ ಹೇಳುತ್ತೇನೆ.